ಹೊಟ್ಟೆಯ ಹಸಿವೂ ಹೆಸರಿನ ಹಸಿವೂ ಒಂದೇ ಜಾತಿಯವೇ?

ಒಂದೇ ಎನ್ನಲಾಗದು, ಪೂರ್ತಿ ಬೇರೆ ಎನ್ನುವುದೂ ಕಷ್ಟ. ಹೊಟ್ಟೆ ಬರಿದಾದಾಗ ಜಠರವು ಗ್ರೆಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. 1999ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ ಇದು ಮೆದುಳಿನ ಹೈಪೊಥಲಾಮಸ್ ಭಾಗವನ್ನು ಪ್ರಚೋದಿಸಿ ಉಣ್ಣುವಂತೆ ಮಾಡುತ್ತದೆ, ಉಂಡ ಬಳಿಕ ಇದರ ಪ್ರಮಾಣ ಇಳಿದು ಕರುಳಿನ ಬೇರೆ ಹಾರ್ಮೋನುಗಳು ಸಾಕೆಂಬ ಸೂಚನೆ ಕಳುಹಿಸುತ್ತವೆ. ಎರಡು ರಾಗಿಮುದ್ದೆ ಉಂಡವರು ಮೂರನೆಯದಕ್ಕೆ ಕೈ ಅಡ್ಡ ಹಿಡಿಯುವುದು ಬರಿಯ ಸಂಕೋಚದಿಂದಲ್ಲ. ಹೆಸರು, ಹಣ, ಅಧಿಕಾರಗಳ ಹಸಿವಿಗೆ ದೇಹದಲ್ಲಿ ಇಂಥ ತಡೆಯಿಲ್ಲ. ಈಡೇರಿದಷ್ಟೂ ಅದರ ಗುರಿ ಮೇಲೇರುತ್ತದೆ.

ಆದರೂ ಊಟವಾದ ಮೇಲೆ ಹೋಳಿಗೆ ಕಂಡು ಮನಸ್ಸಾಗುತ್ತದಲ್ಲ, ಅದು ಅಗತ್ಯವಲ್ಲ, ಬಯಕೆ. ರುಚಿಯ ನಿರೀಕ್ಷೆಗೂ ಹಣದ ನಿರೀಕ್ಷೆಗೂ ಸ್ಪಂದಿಸುವ, ಡೋಪಮಿನ್ ಎಂಬ ರಾಸಾಯನಿಕದ ಜಾಲ ಮೆದುಳಿನಲ್ಲಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಎರಡನ್ನೂ ಹಸಿವು ಎಂದೇ ಕರೆಯುವ ರೂಢಿ ಅಷ್ಟೇನೂ ಅಸಂಗತವಲ್ಲ.

ನಮ್ಮ ಹಾಸನ ಜಿಲ್ಲೆಯಲ್ಲಿಯೇ ಈ ಭೇದವನ್ನು ಬಹಳ ಹಿಂದೆ, ನನ್ನ ದೃಷ್ಟಿಯಲ್ಲಿ ಇನ್ನೂ ಸೂಕ್ಷ್ಮವಾಗಿ, ಗ್ರಹಿಸಿದವರಿದ್ದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಲವು ಶಾಸನಗಳು ಜೈನರ ಸಲ್ಲೇಖನ ವ್ರತದಿಂದ ದೇಹ ತೊರೆದವರನ್ನು ಸ್ಮರಿಸುತ್ತವೆ. ಆಹಾರವನ್ನು ಹಂತಹಂತವಾಗಿ ತ್ಯಜಿಸುವ ಆ ವ್ರತದಲ್ಲಿ ಕಾಯವನ್ನು ಕೃಶಗೊಳಿಸುವುದು ಒಂದು ಭಾಗ. ಕ್ರೋಧ, ಮಾನ (ಅಹಂಕಾರ), ಮಾಯೆ (ಕಪಟ), ಲೋಭಗಳೆಂಬ ಕಷಾಯಗಳನ್ನು, ಅಂದರೆ ಮನಸ್ಸಿನ ವಿಕಾರಗಳನ್ನು, ಕೃಶಗೊಳಿಸುವುದು ಇನ್ನೊಂದು. ಕೀರ್ತಿಯ ಆಸೆಯಿಂದ ಅನ್ನ ಬಿಟ್ಟರೆ ಜೈನಶಾಸ್ತ್ರದ ಪ್ರಕಾರ ಅದು ದೋಷವೇ.