ರೈಜೋಮ್ ಅನ್ನುವ ತತ್ವವನ್ನು ಸಂಗೀತಕ್ಕೆ ಅನ್ವಯಿಸುವುದು ಹೇಗೆ?

ನಾನು ಸಾಗರದ ಕಡೆಯವನು, ಶುಂಠಿಯಿಂದಲೇ ಶುರು ಮಾಡ್ತೀನಿ. ಫ್ರಾನ್ಸಿನ ಚಿಂತಕರಾದ ಡೆಲ್ಯೂಜ್ ಮತ್ತು ಗುಟಾರಿ ತಮ್ಮ 1980ರ ಪುಸ್ತಕದಲ್ಲಿ ವಿವರಿಸಿದ ‘ರೈಜೋಮ್’ ಅಂದರೆ ಶುಂಠಿ, ಅರಿಶಿನದಂಥ ಗಡ್ಡೆಯೇ. ಅಡಿಕೆ ಮರಕ್ಕೆ ಬುಡದಿಂದ ತುದಿಗೆ ಒಂದೇ ದಾರಿ. ಸುಳಿ ಹೋದರೆ ಮರವೇ ಹೋಯಿತು. ಶುಂಠಿ ಗಡ್ಡೆ ಮುರಿದು ನೋಡಿ: ಕಣ್ಣಿರುವ ಯಾವ ತುಂಡು ನೆಟ್ಟರೂ ಚಿಗುರುತ್ತೆ, ಆಚೆ ಈಚೆ ಕವಲೊಡೆಯುತ್ತೆ. ಇಲ್ಲಿಂದ ಶುರು, ಇಲ್ಲಿಗೆ ಕೊನೆ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ.

ಇದನ್ನು ಕಿವಿಯಲ್ಲಿ ಕೇಳಬೇಕಾದರೆ ಜರ್ಮನಿಯ ಸಂಗೀತ ರಚನಕಾರ ಸ್ಟಾಕ್‌ಹೌಸನ್ 1956ರಲ್ಲಿ ಪಿಯಾನೋಗೆ ಬರೆದ ‘ಕ್ಲಾವಿಯರ್‌ಸ್ಟುಕ್ 11’ ಹುಡುಕಿ. ರೈಜೋಮ್ ಮಾತು ಬರುವ ಮೊದಲೇ ಹುಟ್ಟಿದ ಕೃತಿ. ಒಂದು ದೊಡ್ಡ ಹಾಳೆಯ ಮೇಲೆ 19 ತುಣುಕುಗಳು. ಕಣ್ಣಿಗೆ ಬಿದ್ದದ್ದನ್ನು ನುಡಿಸಬೇಕು. ಮುಂದಿನದರ ವೇಗ ಎಷ್ಟು, ದನಿ ಎಷ್ಟು ಅನ್ನೋದು ಈ ತುಣುಕಿನ ಕೊನೆಯಲ್ಲಿ ಬರೆದಿರುತ್ತೆ. ಯಾವುದಾದರೂ ಒಂದು ತುಣುಕಿಗೆ ಮೂರನೇ ಸಲ ಬಂದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಎರಡು ಬೇರೆ ರೆಕಾರ್ಡಿಂಗ್ ಕೇಳಿದರೆ ಎರಡು ಬೇರೆ ಕೃತಿ ಅನ್ನಿಸುತ್ತೆ.

ನಮ್ಮ ತಾಳದ ಆವರ್ತನವೂ ಇದೇ ಅನ್ನೋದನ್ನು ನಾನು ಒಪ್ಪಲ್ಲ. ಸುತ್ತಿ ಬರೋದು ಬೇರೆ, ಹರಡೋದು ಬೇರೆ. ಆವರ್ತನ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದೇ ಬರುತ್ತೆ. ರಾಗಾಲಾಪನೆ ಮಾತ್ರ ಹತ್ತಿರ ಬರುತ್ತೆ. ಗಾಂಧಾರದಲ್ಲಿ ನಿಂತ ಗಾಯಕಿಗೆ ಮುಂದಿನ ಸಂಚಾರಕ್ಕೆ ಹತ್ತು ದಾರಿ. ಆದರೂ ಹಿಂದೆ ತಂಬೂರಿಯ ಷಡ್ಜ ಮಿಡಿಯುತ್ತಲೇ ಇರುತ್ತಲ್ಲ, ಅದು ಬೇರು.