ದಾವಣಗೆರೆಯಲ್ಲಿ ಓಡಿಸುವ ಹ್ಯಾಚ್‌ಬ್ಯಾಕ್ ಕಾರನ್ನು ಸ್ವಲ್ಪ ತಗ್ಗಿಸಬೇಕು, ಎಂಥ ಸ್ಪ್ರಿಂಗ್ ತಗೊಳ್ಳಲಿ?

25 ಮಿ.ಮೀ. ಇಳಿಸುವ ಸ್ಪ್ರಿಂಗ್ ಸಾಕು, 30 ದಾಟಬೇಡಿ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ) 165 ಮಿ.ಮೀ. ಅಂದುಕೊಳ್ಳಿ. 40 ಇಳಿಸಿದರೆ ಉಳಿಯೋದು 125. ನಿಯಮದ ಪ್ರಕಾರ ಹಾಕಿದ ಹಂಪೇ 100 ಮಿ.ಮೀ. ಎತ್ತರ ಇರುತ್ತೆ. ಐದು ಜನ ಕೂತು ಡಿಕ್ಕಿ ತುಂಬಿದರೆ ಕಾರು ಇನ್ನಷ್ಟು ಕುಸಿಯುತ್ತೆ. ಹೈವೇಯಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ ಏನೂ ಅನ್ನಿಸಲ್ಲ. ಹಳ್ಳಿ ಹಂಪ್‌ಗಳಲ್ಲಿ ತಳ ಉಜ್ಜುತ್ತೆ.

ಎತ್ತರಕ್ಕಿಂತ ಮುಖ್ಯವಾದದ್ದು ಬಿಗಿತ. ಕಾರು ಇಳಿದಷ್ಟೂ ಶಾಕ್ ಅಬ್ಸಾರ್ಬರ್ ಒಳಗೆ ಹೋಗಲು ಜಾಗ ಕಡಿಮೆ. ಹಾಗಾಗಿ ಹೊಸ ಸ್ಪ್ರಿಂಗ್ ಕಂಪನಿ ಸ್ಪ್ರಿಂಗಿಗಿಂತ ಗಟ್ಟಿಯಾಗಿರಲೇಬೇಕು. ಬರೀ ಗಿಡ್ಡವಾಗಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಬಡಿಯುತ್ತೆ. ಹಾಕಿಸಿದ ಮೇಲೆ ಶಾಕ್‌ನ ಹೊಳೆಯುವ ರಾಡಿನ ಬುಡದಲ್ಲಿ ಒಂದು ಕೇಬಲ್ ಟೈ ಕಟ್ಟಿ, ದಿನಾ ಓಡಾಡುವ ರಸ್ತೆಯಲ್ಲೇ ಹೋಗಿಬನ್ನಿ. ಟೈ ಮೇಲಕ್ಕೆ ಸರಿದು ರಬ್ಬರಿಗೆ ಒತ್ತಿಕೊಂಡಿದ್ದರೆ ಆ ಸ್ಪ್ರಿಂಗ್ ನಿಮ್ಮ ರಸ್ತೆಗಲ್ಲ.

ಗ್ಯಾಸ್ ಕಟರ್‌ನಲ್ಲಿ ಒಂದು ಸುತ್ತು ಕತ್ತರಿಸಿಕೊಡ್ತೀವಿ ಅನ್ನೋರ ಮಾತು ದಯವಿಟ್ಟು ಕೇಳಬೇಡಿ. ಬಿಸಿಗೆ ಉಕ್ಕಿನ ಹದ ಕೆಡುತ್ತೆ, ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರಲ್ಲ. ಜ್ಯಾಕ್ ಹಾಕಿ ಚಕ್ರ ನೇತಾಡುವಾಗಲೂ ಸ್ಪ್ರಿಂಗ್ ಸಡಿಲ ಆಗಬಾರದು. ಸಡಿಲ ಆದರೆ ಅದು ಜಾಗ ಬಿಟ್ಟು ಕಳಚಬಹುದು, ಜೀವಕ್ಕೇ ಅಪಾಯ.

ಶಾಕ್ ಹಳೆಯದಾಗಿದ್ದರೆ ಜೊತೆಗೇ ಬದಲಿಸಿ. ಗಟ್ಟಿ ಸ್ಪ್ರಿಂಗಿನ ಪುಟಿತವನ್ನು ಸವೆದ ಶಾಕ್ ತಡೆಯಲ್ಲ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಟೈರು ಒಂದೇ ಬದಿ ಸವೆಯುತ್ತೆ. ಹೆಡ್‌ಲೈಟ್ ಕೋನವನ್ನೂ ನೋಡಿಸಿ.