ಕೈಯಲ್ಲಿ ಮಾಡಿದ ಮರದ ಪೆನ್ನುಗಳ ಮೇಲೆ ಹೆಸರು ಕೆತ್ತಲು ಡಯೋಡ್ ಲೇಸರ್ ಒಳ್ಳೆಯದಾ, ಸಿಓ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಒಳ್ಳೆಯದಾ? ಕೆತ್ತುವಾಗ ಪೆನ್ನನ್ನು ಸುತ್ತಿಸುವ ರೋಟರಿ ಸಾಧನ ಬೇಕೇ ಬೇಕಾ?

ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ಮರವನ್ನು ತಿರುಗಿಸಿ ಆಕಾರ ಕೊಡುವ ಲೇತ್ ಇತ್ತು, ಪೆನ್ನುಗಳು ಮಾರಾಟವಾಗುತ್ತಿದ್ದವು, ಕೊಳ್ಳಲು ಬಂದವರೆಲ್ಲ "ಹೆಸರು ಹಾಕಿ ಕೊಡ್ತೀರಾ?" ಅಂತ ಕೇಳುತ್ತಿದ್ದರು. ಲೇಸರ್ ಎಷ್ಟು ವ್ಯಾಟಿನದು ಬೇಕು ಅಂತ ಮೂರು ತಿಂಗಳು ಲೆಕ್ಕ ಹಾಕಿ 10 ವ್ಯಾಟಿನ ಡಯೋಡ್ ತಂದೆ. ಆಮೇಲೆ ನನಗಾದ ನಷ್ಟಕ್ಕೂ ವ್ಯಾಟಿಗೂ ಸಂಬಂಧವೇ ಇರಲಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಒಂದು ಆರ್ಡರ್ ಬಂತು. 36 ಪೆನ್ನು, ಎಲ್ಲವೂ ಮೇಪಲ್ ಮರದವು, ಒಂದೊಂದರ ಮೇಲೂ ಬೇರೆ ಬೇರೆ ಹೆಸರು. ನಾನು ಪರೀಕ್ಷೆ ಮಾಡದೆ ಕೈ ಹಾಕಲಿಲ್ಲ. ಅದೇ ಹಲಗೆಯ ಒಂದು ಚಪ್ಪಟೆ ತುಂಡಿನ ಮೇಲೆ ವೇಗ, ಪವರ್ ಬದಲಿಸುತ್ತಾ ಪುಟ್ಟ ಪುಟ್ಟ ಚೌಕಗಳನ್ನು ಸುಟ್ಟು ನೋಡಿದೆ. ಎಲ್ಲಕ್ಕಿಂತ ಕಪ್ಪಗೆ, ಚೂಪಾಗಿ ಬಂದದ್ದನ್ನು ಆರಿಸಿದೆ. 36 ಬ್ಯಾರೆಲ್‌ಗಳನ್ನು, ಅಂದರೆ ಪೆನ್ನಿನ ಮರದ ಮೈಗಳನ್ನು, ಲೇತ್ ಮೇಲೆ ತಿರುವಿ, ಸ್ಯಾಂಡ್‌ಪೇಪರ್ ಹಾಕಿ ನುಣುಪು ಮಾಡಿ, ಬರೀ ಮರದ ಮೇಲೆಯೇ ಒಂದೇ ದಿನದಲ್ಲಿ ಎಲ್ಲ ಹೆಸರನ್ನೂ ಕೆತ್ತಿದೆ. ಸಂಜೆ ಸಾಲಾಗಿ ಜೋಡಿಸಿಟ್ಟಾಗ ತುಂಬಾ ಚೆನ್ನಾಗಿ ಕಾಣುತ್ತಿದ್ದವು.

ಮರುದಿನ ಫಿನಿಶ್, ಅಂದರೆ ಮರದ ಮೇಲಿನ ಹೊಳಪಿನ ಪದರ, ಹಾಕಲು ಕೂತೆ. ನಾನು ಬಳಸುವುದು ಸಿಎ ಗ್ಲೂ, ಅಂದರೆ ಎಲ್ಲರೂ ಸೂಪರ್ ಗ್ಲೂ ಅನ್ನುವ ಅಂಟು. ಮೊದಲ ಪೆನ್ನಿನ ಮೇಲೆ ಅಂಟು ಹಚ್ಚಿದ ಕಾಗದ ಒಂದು ಸಲ ಓಡಿತಷ್ಟೆ, ಹೆಸರಿನ ಸುತ್ತ ಬೂದು ಬಣ್ಣದ ನೆರಳು ಹರಡಿಕೊಂಡಿತು. ಅಂಟು ಜಾಸ್ತಿಯಾಯಿತೇನೋ ಅಂದುಕೊಂಡೆ. ಎರಡನೆಯದಕ್ಕೆ ಕಡಿಮೆ ಹಾಕಿದೆ, ಅದೂ ಹಾಗೇ ಆಯಿತು. ಮೂರನೆಯದನ್ನು ಮೊದಲು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿದೆ. ಅದು ಇನ್ನೂ ಕೆಟ್ಟಿತು.

ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಆಗ ನನಗೆ ಇದನ್ನು ಯಾರೂ ಹೇಳಲಿಲ್ಲ. ಕೆತ್ತನೆ ಅನ್ನುತ್ತೇವೆ, ಆದರೆ ಲೇಸರ್ ಮರವನ್ನು ಸುಡುತ್ತದೆ. ಅಕ್ಷರದ ಗುಳಿಯ ತಳದಲ್ಲಿ ನುಣ್ಣನೆಯ ಮಸಿ ಉಳಿಯುತ್ತದೆ. ಮೇಲೆದ್ದ ಹೊಗೆ ಸುತ್ತಲಿನ ಮರದ ಮೇಲೂ ಕೂರುತ್ತದೆ. ಬರೀ ಮರದ ರಂಧ್ರಗಳು ಬಾಯಿ ತೆರೆದುಕೊಂಡೇ ಇರುತ್ತವೆ. ತೆಳು ಸಿಎ ನೀರಿನ ಹಾಗೆ ಹರಿಯುವ ಅಂಟು, ಮಸಿಯನ್ನು ಹೊತ್ತುಕೊಂಡು ಆ ರಂಧ್ರಗಳೊಳಗೆ ಇಳಿಯುತ್ತದೆ. ಆಲ್ಕೋಹಾಲ್ ಕೂಡ ಇದೇ ಕೆಲಸ ಮಾಡುತ್ತದೆ. ಕಪ್ಪು ಮರವಾಗಿದ್ದರೆ ಕಾಣುತ್ತಿರಲಿಲ್ಲ. ಮೇಪಲ್ ತಿಳಿ ಬಣ್ಣದ್ದು, ಎಲ್ಲವೂ ಎದ್ದು ಕಂಡಿತು.

ಉಜ್ಜಿ ತೆಗೆದರಾಯಿತಲ್ವಾ ಅನ್ನಬಹುದು. ನಾನೂ ಉಜ್ಜಿದೆ. ಪೆನ್ನಿನ ಬ್ಯಾರೆಲ್ ಎರಡೂ ತುದಿಯಲ್ಲಿ ಲೋಹದ ಉಂಗುರಕ್ಕೆ ಸರಿಯಾಗಿ ಕೂರಬೇಕು. 0.1 ಮಿ.ಮೀ. ತಗ್ಗಿದರೂ ಹೆಬ್ಬೆರಳಿಗೆ ಮೆಟ್ಟಿಲು ಸಿಕ್ಕಂತಾಗುತ್ತದೆ. ಮಸಿ ಹೋಗುವಷ್ಟು ಉಜ್ಜುವ ಹೊತ್ತಿಗೆ ಅಕ್ಷರವೂ ಅರ್ಧ ಹೋಗಿತ್ತು.

ಹೆಸರಿಲ್ಲದ ಪೆನ್ನು ಕೆಟ್ಟರೆ ಬೇರೆ ಆಕಾರಕ್ಕೆ ತಿರುವಬಹುದು, ಕಡಿಮೆ ಬೆಲೆಗೆ ಕೊಡಬಹುದು. ಹೆಸರು ಬಿದ್ದ ಪೆನ್ನನ್ನು ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ. ಫಿನಿಶ್ ಹಾಕದೆ ಉಳಿದಿದ್ದ 33 ಬ್ಯಾರೆಲ್‌ಗಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಎರಡು ದಿನ ಹೆಣಗಾಡಿದೆ, ಕೊನೆಗೆ ಎಲ್ಲವನ್ನೂ ಹೊಸದಾಗಿ ತಿರುವಿದೆ. ಲೋಹದ ಭಾಗಗಳನ್ನು ಇನ್ನೂ ಒತ್ತಿ ಕೂರಿಸಿರಲಿಲ್ಲ, ಅವಷ್ಟೇ ಉಳಿದವು. ಆರ್ಡರ್ ಎರಡು ವಾರ ತಡವಾಯಿತು. ಅವರು ಪೆನ್ನು ತೆಗೆದುಕೊಂಡರು, ಒಳ್ಳೆಯ ಮಾತೇ ಆಡಿದರು, ಆದರೆ ಮತ್ತೆ ಬರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಾನು ಪರೀಕ್ಷೆ ಮಾಡಿದ್ದು ಸುಡುವುದನ್ನು ಮಾತ್ರ. ಅದೇ ತುಂಡಿನ ಮೇಲೆ ಒಂದು ಹನಿ ಅಂಟು ಹಾಕಿ ನೋಡಿದ್ದರೂ ಗೊತ್ತಾಗಿಬಿಡುತ್ತಿತ್ತು. ಈಗ ಹೊಸ ಮರ ಬಂದರೆ ಒಂದು ಪೂರ್ತಿ ಬ್ಯಾರೆಲ್ ಬಲಿ ಕೊಡುತ್ತೇನೆ. ಒಳಗೆ ಹಿತ್ತಾಳೆ ಟ್ಯೂಬ್ ಸಮೇತ ತಿರುವಿ, ಕೆತ್ತಿ, ಫಿನಿಶ್ ಹಾಕಿ, ಪಾಲಿಶ್ ಮಾಡಿ, ಒಂದು ದಿನ ಇಟ್ಟು ನೋಡುತ್ತೇನೆ.

ಕೆಲಸದ ಕ್ರಮವೂ ಬದಲಾಗಿದೆ. ಮೊದಲು ಎರಡು ತೆಳು ಪದರ ಸಿಎ ಹಚ್ಚಿ ರಂಧ್ರ ಮುಚ್ಚುತ್ತೇನೆ. ಚೆನ್ನಾಗಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ, ಟೇಪಿನ ಮೇಲಿಂದಲೇ ಕೆತ್ತುತ್ತೇನೆ. ಹೊಗೆ ಟೇಪಿನ ಮೇಲೆ ಕೂರುತ್ತದೆ. ಟೇಪ್ ಬಿಚ್ಚಿ, ಮೃದು ಬ್ರಷ್‌ನಿಂದ ಸಡಿಲ ಮಸಿ ತೆಗೆದು, ಅಕ್ಷರಗಳ ಮೇಲೆ ಮಾತ್ರ ತೆಳು ಅಂಟನ್ನು ತಟ್ಟಿ ಹಚ್ಚುತ್ತೇನೆ. ಒರೆಸಬಾರದು, ತಟ್ಟಬೇಕು. ಅದು ಒಣಗಿದ ಮೇಲೆ ಉಳಿದ ಪದರಗಳು, ಪಾಲಿಶ್, ಕೊನೆಗೆ ಲೋಹದ ಭಾಗಗಳು. ಸಿಎ ಸುಟ್ಟರೆ ಬರುವ ಹೊಗೆ ಕಣ್ಣು ಮೂಗು ಉರಿಸುತ್ತದೆ, ಹೊಗೆ ಹೊರಗೆ ಹೋಗುವ ಫ್ಯಾನ್ ಇಲ್ಲದೆ ಇದನ್ನು ಮಾಡಬೇಡಿ.

ಈಗ ರೋಟರಿ ವಿಷಯ. ಹೆಸರಿಗೆ ಬೇಡ. ಪೆನ್ನಿನ ಉದ್ದಕ್ಕೆ ಬರೆಯುತ್ತೀರಿ ಅಲ್ವಾ? 12 ಮಿ.ಮೀ. ದಪ್ಪದ ಬ್ಯಾರೆಲ್ ಮೇಲೆ 4 ಮಿ.ಮೀ. ಎತ್ತರದ ಅಕ್ಷರ ಹಾಕಿದರೆ, ಅಕ್ಷರದ ಮೇಲಂಚು ಕೆಳಂಚು ನಡುಭಾಗಕ್ಕಿಂತ ಸುಮಾರು 0.34 ಮಿ.ಮೀ. ತಗ್ಗಿರುತ್ತವೆ. ಸಾಮಾನ್ಯವಾಗಿ ಅಷ್ಟಕ್ಕೆ ಫೋಕಸ್ ಕೆಡುವುದಿಲ್ಲ. 8 ಮಿ.ಮೀ. ಮಾಡಿದರೆ 1.5 ಮಿ.ಮೀ. ತಗ್ಗುತ್ತದೆ, ಆಗ ಅಂಚು ಮಸುಕಾಗುತ್ತದೆ. ಪೆನ್ನಿನ ಸುತ್ತ ಬಳ್ಳಿ ಚಿತ್ತಾರ ಬೇಕಿದ್ದರೆ ಮಾತ್ರ ರೋಟರಿ. ಅದರ ಬದಲು ಬ್ಯಾರೆಲ್ ಪ್ರತಿ ಸಲ ಅದೇ ಜಾಗದಲ್ಲಿ ಕೂರುವಂತೆ ಒಂದು ಮರದ ಅಚ್ಚು ಮಾಡಿಕೊಳ್ಳಿ. ಪೆನ್ನು ಒಂದು ಕಡೆ ಸಣ್ಣಗಾಗುತ್ತಾ ಹೋಗಿದ್ದರೆ ಆ ತುದಿಯ ಕೆಳಗೆ ಕಾಗದದ ಮಡಿಕೆ ಇಟ್ಟು ಮೇಲ್ಭಾಗ ಸಮ ಮಾಡಿ. ಒತ್ತಕ್ಷರ ಇರುವ ಹೆಸರಿಗೆ ಎತ್ತರ ಸ್ವಲ್ಪ ಜಾಸ್ತಿ ಬೇಕು. ಕೆತ್ತನೆಯ ಸಾಫ್ಟ್‌ವೇರಿನಲ್ಲಿ ಒತ್ತು ಬೇರೆಯಾಗಿ ನಿಂತರೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಅಕ್ಷರವನ್ನು ಗೆರೆಯಾಗಿ ಬದಲಿಸಿ ತನ್ನಿ.

ಡಯೋಡಾ ಸಿಓ2ವಾ? ಮರ ಮಾತ್ರ ಆದರೆ ಡಯೋಡ್ ಸಾಕು. ಅದರ ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಪಾರದರ್ಶಕ ಅಕ್ರಿಲಿಕ್ ಪ್ಲಾಸ್ಟಿಕ್‌ನಲ್ಲಿ ಹಾಗೇ ದಾಟಿಹೋಗುತ್ತದೆ. 10,600 ನ್ಯಾನೋಮೀಟರಿನ ಸಿಓ2 ಬೆಳಕನ್ನು ಮರ, ಅಕ್ರಿಲಿಕ್ ಎರಡೂ ಹೀರುತ್ತವೆ. ಕ್ಲಿಪ್, ಉಂಗುರದಂಥ ಹೊಳೆಯುವ ಲೋಹಕ್ಕೆ 1064 ನ್ಯಾನೋಮೀಟರಿನ ಫೈಬರ್ ಲೇಸರ್ರೇ ಸರಿ. ಎಲ್ಲಕ್ಕೂ ಒಂದೇ ಮೆಷಿನ್ ಹುಡುಕಬೇಡಿ. ನನ್ನ ಕೇಳಿದರೆ ಈಗಲೇ ಯಾವುದನ್ನೂ ಕೊಳ್ಳಬೇಡಿ. ಮೊದಲ 20-30 ಪೆನ್ನುಗಳನ್ನು ಮೆಷಿನ್ ಇರುವವರ ಹತ್ತಿರ ಕೆತ್ತಿಸಿ, ಫಿನಿಶ್ ಮಾತ್ರ ನೀವೇ ಹಾಕಿ. ನಿಮ್ಮ ಮರ ಏನು ಮಾಡುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ.

ಕೊಂಡರೆ, ಆ ಲೇಸರಿನ ತರಂಗಾಂತರಕ್ಕೆ ಹೊಂದುವ ಕನ್ನಡಕವನ್ನೇ ತಗೊಳ್ಳಿ, ಯಾವುದೋ ಬಣ್ಣದ್ದು ಆಗುವುದಿಲ್ಲ. ಕೆತ್ತುವಾಗ ಬಿಟ್ಟು ಹೋಗಬೇಡಿ, ಬೆಂಕಿ ಹತ್ತಬಹುದು. ಪಿವಿಸಿ ಪ್ಲಾಸ್ಟಿಕ್ ಇರುವ ಯಾವುದನ್ನೂ ಲೇಸರ್ ಕೆಳಗೆ ಇಡಬೇಡಿ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಕೆಡುಕು, ಮೆಷಿನ್ನಿನ ಲೋಹಕ್ಕೂ ತುಕ್ಕು.

ನಿಮ್ಮ ಪೆನ್ನು ಯಾವ ಮರದ್ದು ಅಂತ ಬರೆದಿಲ್ಲ. ಎಬೊನಿಯಂಥ ಕಪ್ಪು ಮರವಾದರೆ ಮಸಿಯ ಚಿಂತೆ ಇಲ್ಲ, ಆದರೆ ಹೆಸರೇ ಕಾಣುವುದಿಲ್ಲ. ರಂಧ್ರ ಮುಚ್ಚಿ ಕೆತ್ತಿದ ಮೇಲೆ ಅಕ್ಷರದೊಳಗೆ ತಿಳಿ ಬಣ್ಣದ ಅಕ್ರಿಲಿಕ್ ಪೇಂಟ್ ತುಂಬಿ, ಒಣಗುವ ಮೊದಲು ಮೇಲಿನದನ್ನು ಒರೆಸಿ ತೆಗೆಯಿರಿ.